ಕುಂಕುಮವಿಟ್ಟ ಲೆನ್ಸ್

ಅನ್ವಿ, ತೇಜಸ್,

ನೈರೋಬಿಯಲ್ಲಿ, ನಮ್ಮ ಕಿಲೆಲೆಶ್ವಾದ ಮನೆಯ ಗೋಡೆಯ ಮೇಲೆ ನಾನೊಬ್ಬಳೇ ಇರುವ ಫೋಟೊ ಒಂದೇ ಒಂದು. ಅದರಲ್ಲಿ ನನ್ನ ಬಾಯಿ ಅರ್ಧ ತೆರೆದಿದೆ, ಹುಬ್ಬು ಗಂಟಿಕ್ಕಿದೆ. ಚಿಕ್ಕವರಿದ್ದಾಗ ನೀವಿಬ್ಬರೂ "ಅಜ್ಜಿ, ವೈ ಆರ್ ಯು ಆಂಗ್ರಿ?" ಎಂದು ಕೇಳುತ್ತಿದ್ದಿರಿ. ನಾನು ನಕ್ಕು ಅಡುಗೆಮನೆಗೆ ಹೋಗುತ್ತಿದ್ದೆ.

ಈಗ ಅನ್ವಿ ಹಳೆಯ ಕ್ಯಾಮರಾ ಲೆನ್ಸುಗಳ ವ್ಯಾಪಾರ ಮಾಡುತ್ತೇನೆ ಎಂದು ಹೊರಟಿದ್ದಾಳೆ. ಅಂಗಡಿ ಇಲ್ಲ, ಬೋರ್ಡಿಲ್ಲ, ಎಲ್ಲ ಫೋನಿನಲ್ಲೇ. "ಅಜ್ಜಿ, ಯು ವರ್ಕ್ಡ್ ಇನ್ ಎ ಕ್ಯಾಮರಾ ಶಾಪ್, ನೋ? ಗಿವ್ ಮಿ ಸಮ್ ಟಿಪ್ಸ್" ಎಂದಳು. ಎದುರು ಕೂತು ಮಾತಾಡುವುದು ನನಗೆ ಮೊಮ್ಮಕ್ಕಳ ಹತ್ತಿರವೂ ಸರಿಯಾಗಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನಿಮ್ಮಪ್ಪ ಓದಿ ಹೇಳಲಿ. ನಾನು ಅಲ್ಲಿ ಏನು ಮಾಡುತ್ತಿದ್ದೆ ಎಂಬುದು ಅವನಿಗೂ ಪೂರ್ತಿ ಗೊತ್ತಿಲ್ಲ. ಅಮ್ಮ ಗಾಜು ಒರೆಸುತ್ತಿದ್ದಳು ಎಂದುಕೊಂಡಿದ್ದಾನೆ. ಅದೇನೂ ಸುಳ್ಳಲ್ಲ.

ನನಗೆ ಕೆಲಸ ಸಿಕ್ಕಿದ್ದೇ ಗಾಜು ಒರೆಸಿದ್ದರಿಂದ. ನಿಮ್ಮ ತಾತ ಇಲ್ಲಿನ ಸೋಪಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಅವರು ತೀರಿಹೋದ ಮೇಲೆ, ನಿಮ್ಮಪ್ಪನಿಗೆ ಆಗಷ್ಟೇ ಇಲ್ಲಿ ಕೆಲಸ ಸಿಕ್ಕಿದ್ದರಿಂದ, ನಾನೂ ಊರಿಗೆ ಹಿಂದಿರುಗದೆ ಉಳಿದೆ. ಒಂದು ವರ್ಷ ಕನ್ನಡದವರೆಲ್ಲ ಸೇರಿ ಗಣೇಶನನ್ನು ಕೂರಿಸಿದ್ದರು. ಹೆಂಗಸರೆಲ್ಲ ಮಂಟಪದ ಹತ್ತಿರ ಹೂವು ಜೋಡಿಸುತ್ತಿದ್ದರು. ವಿಧವೆ ಮಂಟಪದ ಹತ್ತಿರ ಹೋಗುವುದೋ ಬೇಡವೋ ಎಂದು ಯಾರಾದರೂ ಯೋಚಿಸುವ ಮುಂಚೆ ನಾನೇ ಮೂಲೆಗೆ ಹೋಗಿ ದೇವರ ಪಟಗಳ ಗಾಜು ಒರೆಸುತ್ತ ಕೂತೆ. ಹಿಂದಿನಿಂದ ಯಾರೋ ಕೇಳಿದರು.

"ಎಂತದರಲ್ಲಿ ಒರೆಸುದು ನೀವು? ಒಂದು ಗೆರೆ ಸಹ ಬೀಳುದಿಲ್ಲವಲ್ಲ."

"ಹಳೇ ಪಂಚೆ ಸರ್. ಬಾಯಿಂದ ಆವಿ ಊದಿ ಒರ್ಸದು."

"ಮತ್ತೆ ಮಾತಾಡುದು ಕಮ್ಮಿಯಾ?"

ನಾನು ಉತ್ತರ ಕೊಡಲಿಲ್ಲ. ಅವರಿಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು. ಹಾಗೆ ವಾಸುದೇವ ಪ್ರಭುಗಳು ನನ್ನನ್ನು ಕೆಲಸಕ್ಕೆ ಕರೆದರು. ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಪೇಟೆಯ ನಡುವಿನ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅವರ ತಂದೆ ಕಾಲದ ಕ್ಯಾಮರಾ ಅಂಗಡಿ. ತಿಪಟೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನೈರೋಬಿಯಲ್ಲಿ ಜರ್ಮನ್ ಲೆನ್ಸು ಪರೀಕ್ಷಿಸುವವಳಾದದ್ದು ಹೀಗೆ. ನನ್ನ ಹಿಂದೆ ಬೇರೆ ಯಾವ ಅರ್ಹತೆಯನ್ನೂ ಹುಡುಕಬೇಡಿ.

ಕೆಲಸ ಏನೆಂದು ಹೇಳುತ್ತೇನೆ. ನಾವು ಕೊಳ್ಳುತ್ತಿದ್ದುದು ರೇಂಜ್‌ಫೈಂಡರ್ ಕ್ಯಾಮರಾಗಳ ಹಳೆಯ ಲೆನ್ಸುಗಳನ್ನು. ಆ ಕ್ಯಾಮರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದ ಚಿಕ್ಕ ಕಿಟಕಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡೂ ಹತ್ತಿರ ಬಂದು ಒಂದಾಗುತ್ತವೆ. ಒಂದಾದರೆ ಫೋಕಸ್ ಸರಿ ಇದೆ ಎಂದು ನಂಬಬೇಕು, ಅಷ್ಟೆ. ಕಿಟಕಿಗೂ ಲೆನ್ಸಿಗೂ ಒಳಗೊಳಗೆ ಒಪ್ಪಂದ ಇರಬೇಕು. ಅದು ತಪ್ಪಿದ್ದರೆ ಕಿಟಕಿಯಲ್ಲಿ ಎಲ್ಲ ಸರಿ, ಫಿಲ್ಮಿನಲ್ಲಿ ಎಲ್ಲ ಮಸುಕು. ಕೆಲವು ಸಂಸಾರಗಳ ಹಾಗೆ.

ಲೆನ್ಸು ಬಂದ ಕೂಡಲೇ ಟಾರ್ಚ್ ಹಿಡಿದು ಒಳಗೆ ನೋಡುವುದು ಮೊದಲ ಕೆಲಸ. ಮೊಂಬಾಸಾದಿಂದ ಬಂದವುಗಳಲ್ಲಿ ಬೂಷ್ಟು ಜೇಡರ ಬಲೆಯಂತೆ ಹಬ್ಬಿರುತ್ತಿತ್ತು. ಅಂಥವನ್ನು ಬೇರೆಯವುಗಳ ಜೊತೆ ಇಡದೆ ತಾರಸಿಯ ಬಿಸಿಲಿಗೆ ಹಾಕುತ್ತಿದ್ದೆ. ಒಂದು ಸಲ "ಕರಾವಳಿ ಲೆನ್ಸು ಒಳಗೆ ತರೋದು ಬ್ಯಾಡ ಸರ್" ಎಂದುಬಿಟ್ಟೆ. ಪ್ರಭುಗಳು ಅರ್ಧ ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಲೆನ್ಸಿನ ಬಗ್ಗೆಯೇ ಹೇಳಿದ್ದೆ.

ಮುಥೈಗಾದಿಂದ ಒಬ್ಬ ದೊಡ್ಡ ಮನೆತನದ ಹೆಂಗಸು ಚರ್ಮದ ಚೀಲಗಳಲ್ಲಿ ಲೆನ್ಸು ತಂದಿದ್ದರು. ಗಂಡ ರಾಯಭಾರಿ ಕಚೇರಿಯವರು. ಬಹಳ ಜೋಪಾನವಾಗಿ ಇಟ್ಟಿದ್ದೆವು, ವರ್ಷಗಟ್ಟಲೆ ಚೀಲದಿಂದ ಹೊರಗೇ ತೆಗೆದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಆ ಚರ್ಮದ ಚೀಲದಲ್ಲೇ ಬೂಷ್ಟು ಬೆಳೆದು ಲೆನ್ಸುಗಳನ್ನು ತಿಂದುಹಾಕಿತ್ತು. ಚೀಲಗಳು ಮಾತ್ರ ಹೊಸದರಂತಿದ್ದವು. ಪ್ರಭುಗಳು ಚೀಲಗಳನ್ನು ಕೊಂಡು ಲೆನ್ಸುಗಳನ್ನು ವಾಪಸು ಕೊಟ್ಟರು. ಅನ್ವಿ, ಜೋಪಾನ ಮಾಡಿದ್ದೇವೆ ಎನ್ನುವವರ ಲೆನ್ಸನ್ನು ಎರಡು ಸಲ ನೋಡು. ಮಕ್ಕಳ ಕೈಗೆ ಕೊಟ್ಟಿದ್ದೆವು ಎನ್ನುವವರದನ್ನು ಧೈರ್ಯವಾಗಿ ತೆಗೆದುಕೊ.

ಎರಡನೆಯ ಕೆಲಸ ಹೋಲಿಸುವುದು. ಬೇರೆ ಅಂಗಡಿಗಳವರು ಇಟ್ಟಿಗೆ ಗೋಡೆಯನ್ನೋ ಗೋಡೆಗಂಟಿಸಿದ ಪತ್ರಿಕೆಯನ್ನೋ ಫೋಟೊ ತೆಗೆಯುತ್ತಿದ್ದರು. ನಾನು ತಾರಸಿಯಲ್ಲಿ ಚುಕ್ಕಿ ರಂಗೋಲಿ ಹಾಕುತ್ತಿದ್ದೆ. ಪ್ರಭುಗಳು ಮೊದಲು ನಕ್ಕರು. ಆಮೇಲೆ ನೋಡಿದರೆ ಚುಕ್ಕಿ ಸಾಲು ಬಾಗಿದ್ದೂ ಮೂಲೆ ಮಸುಕಾದದ್ದೂ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಪರವಾಗಿಲ್ಲ ಎಂದು ಒಪ್ಪಿಕೊಂಡರು. ಒಂದು ಮಳೆಗಾಲ ಕಳೆದ ಮೇಲೆ ವಿಚಿತ್ರ ಶುರುವಾಯಿತು. ಬಂದ ಲೆನ್ಸುಗಳೆಲ್ಲ ಎಡಗಡೆಯ ಕೆಳಮೂಲೆಯಲ್ಲಿ ಮಸುಕು. ಜರ್ಮನಿಯದು, ಜಪಾನಿನದು, ರಷ್ಯಾದ್ದು, ಯಾವುದೂ ಬಿಡದೆ ಒಂದೇ ರೋಗ. ಪ್ರಭುಗಳು ನೈರೋಬಿಯ ಎತ್ತರದ ಗಾಳಿಯನ್ನು ಬೈದರು. ರಿಪೇರಿ ಮಾಡುವ ಫುಂಡಿ ಕಸ್ಟಮ್ಸಿನವರು ಪೆಟ್ಟಿಗೆ ಎಸೆಯುತ್ತಾರೆ ಎಂದ. ಒಂದು ಬೆಳಿಗ್ಗೆ ರಂಗೋಲಿ ಮುಗಿಸಿ ಎದ್ದು ತಿರುಗಿ ನೋಡಿದೆ. ನಾನು ಏಳುವಾಗ ಸೆರಗು ಆ ಮೂಲೆಯನ್ನು ಸವರಿಕೊಂಡು ಬರುತ್ತಿತ್ತು. ಚಳಿಗೆಂದು ಆ ವರ್ಷ ದಪ್ಪ ಸೀರೆ ಉಡಲು ಶುರು ಮಾಡಿದ್ದೆ.

ಮಾರನೆಯ ದಿನದಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಜಗತ್ತಿನ ಲೆನ್ಸುಗಳೆಲ್ಲ ಒಟ್ಟಿಗೆ ಗುಣವಾದವು. ಪ್ರಭುಗಳು ಹವೆ ಸುಧಾರಿಸಿತು ಎಂದರು. ನಾನು ಹೌದು ಎಂದೆ.

ಇನ್ನು ಗುರು ಲೆನ್ಸಿನ ವಿಷಯ. ಪ್ರಭುಗಳ ತಂದೆ ಅಂಗಡಿ ತೆರೆದಾಗ ಕೊಂಡ ಮೊದಲ ಜರ್ಮನ್ ಲೆನ್ಸು ಅದು. ಲಕ್ಷ್ಮಿಯ ಪಟದ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮರದ ಪೀಠದ ಮೇಲೆ ಕೂತಿರುತ್ತಿತ್ತು. ಆಯುಧಪೂಜೆಗೂ ದೀಪಾವಳಿಗೂ ಅದಕ್ಕೆ ಕುಂಕುಮ. ಬಂದ ಪ್ರತಿ ಲೆನ್ಸನ್ನೂ ಅದರ ಎದುರು ಹೋಲಿಸಬೇಕು. ಎಡಮೂಲೆಯ ರೋಗ ಅದಕ್ಕೂ ಬಂದಿದ್ದರಿಂದಲೇ ಪ್ರಭುಗಳು ಗಾಳಿಯನ್ನು ಬೈದದ್ದು. ಹೋಲಿಸುವಾಗ ಪ್ರಭುಗಳೇ ಕೈ ತೊಳೆದು ಬಂದು ಅದನ್ನು ಪೀಠದಿಂದ ಎತ್ತಿ, ಬೆರಳಿನ ಅಂದಾಜಿನಲ್ಲೇ ಅಂಗಡಿಯ ಕ್ಯಾಮರಾಕ್ಕೆ ಸಿಕ್ಕಿಸುತ್ತಿದ್ದರು. ನಾನು ಅದನ್ನು ಮುಟ್ಟುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ. ಕುಂಕುಮದ ವಸ್ತು, ನಾನು ಗಂಡ ಸತ್ತವಳು, ಕೇಳುವ ಅಗತ್ಯ ಇಬ್ಬರಿಗೂ ಬಂದಿರಲಿಲ್ಲ.

ಗುರುವಿನ ಎದುರು ಸೋತ ಲೆನ್ಸುಗಳಿಗೆ ಒಂದು ಡ್ರಾಯರ್ ಇತ್ತು. ಕೆಟ್ಟದ್ದು ಎಂದು ಕೇಳಿದ ಮೇಲೆ ಕೆಲವರು ವಾಪಸು ಒಯ್ಯಲು ಮನಸ್ಸಿಲ್ಲದೆ ಬಿಟ್ಟುಹೋದಂಥವು ಅದರಲ್ಲಿ ಸೇರುತ್ತಿದ್ದವು. ಪ್ರಭುಗಳು ಅದನ್ನು ಗೋಶಾಲೆ ಎನ್ನುತ್ತಿದ್ದರು. ಗೋಶಾಲೆ ವರ್ಷ ವರ್ಷ ತುಂಬುತ್ತ ಬಂತು.

"ಈಗಿನವರಿಗೆ ಲೆನ್ಸ್ ಇಟ್ಕೊಳ್ಳಲಿಕ್ಕೆ ಗೊತ್ತಿಲ್ಲ ಗೌರಮ್ಮ. ಎಲ್ಲ ಹಾಳು ಮಾಡಿ ತರ್ತಾರೆ," ಎನ್ನುತ್ತಿದ್ದರು.

ಎಮ್ಜೀ ಕಿಮಾನಿ ಬಂದದ್ದು ಆಗ. ಈ ಊರಿನ ಕಸರಾನಿ ಕಡೆಯವರು, ಜೀವಮಾನವೆಲ್ಲ ಮದುವೆ ಫೋಟೊ ತೆಗೆದು ವಯಸ್ಸಾದವರು. ಹಿರಿಯರೆಂದು ಎಲ್ಲರೂ ಎಮ್ಜೀ ಎಂದೇ ಕರೆಯುತ್ತಿದ್ದರು. ಬಟನ್ ಹಾಕಿದ ಕೋಟು, ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಜರ್ಮನ್ ಲೆನ್ಸು. ಮಾರಲು ಬಂದಿರಲಿಲ್ಲ. ಮಗಳು ಫೋಟೊ ಕೆಲಸ ಶುರು ಮಾಡುತ್ತಿದ್ದಾಳೆ, ಅವಳಿಗೆ ಕೊಡುವ ಮುಂಚೆ ಒಮ್ಮೆ ನೋಡಿಕೊಡಿ ಎಂದರು. ಪ್ರಭು ನೋಡಿದ ಲೆನ್ಸು ಎಂದರೆ ಈ ಊರಿನ ಫೋಟೊದವರಿಗೆ ಎರಡನೆಯ ಮಾತಿರಲಿಲ್ಲ.

ನಮ್ಮ ಕ್ಯಾಮರಾಕ್ಕೆ ಹಾಕಿ ರಂಗೋಲಿಯನ್ನು ಹತ್ತಿರದಿಂದ ತೆಗೆದೆವು. ಗುರುವಿನದು ಚುಕ್ಕಿ ಚುಕ್ಕಿ ಬಿಡಿಸಿದ ಹಾಗೆ. ಎಮ್ಜೀಯವರದು ಮಂಜು. ಪ್ರಭುಗಳು ಎರಡು ಪ್ರಿಂಟನ್ನೂ ಮೇಜಿನ ಮೇಲಿಟ್ಟು, ಒಳಗೆ ಗಾಜು ಜರುಗಿದೆ, ಇದರಲ್ಲಿ ಹತ್ತಿರದ ಫೋಕಸ್ ಯಾವತ್ತೂ ಬಂದಿರಲಿಕ್ಕಿಲ್ಲ ಎಂದರು. ಎಮ್ಜೀ ಬಹಳ ಹೊತ್ತು ಪ್ರಿಂಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದರೆ ನಾನು ತೆಗೆದ ಮುಖಗಳೆಲ್ಲ ಮಸುಕೇ?"

ಪ್ರಭುಗಳು ಭುಜ ಕುಣಿಸಿದರು. ಎಮ್ಜೀ ಲೆನ್ಸನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಕೊಂಡು, ನನ್ನ ಕಡೆ ತಲೆಬಾಗಿಸಿ, "ಅಸಾಂಟೆ, ಮಾಮಾ", ಉಪಕಾರವಾಯಿತು ಅಮ್ಮಾ, ಎಂದು ಹೊರಟುಹೋದರು. ನಾನು ಅವರಿಗೆ ಏನೂ ಕೊಟ್ಟಿರಲಿಲ್ಲ.

ಅವರು ಮತ್ತೆ ಬಂದರು. ಕೈಯಲ್ಲಿ ಲೆನ್ಸಿನ ಜೊತೆ ತಮ್ಮದೇ ಹಳೆಯ ಕ್ಯಾಮರಾ ಮತ್ತು ಮದುವೆ ಫೋಟೊಗಳ ಒಂದು ಆಲ್ಬಮ್. ನಿಮ್ಮ ಮಾತು ಕೇಳಿದ ಮೇಲೆ ಮಗಳು ಈ ಲೆನ್ಸನ್ನು ಮುಟ್ಟುತ್ತಿಲ್ಲ, ಇನ್ನೊಮ್ಮೆ ನೋಡಿ ಎಂದರು. ಪ್ರಭುಗಳು ಆಲ್ಬಮಿನ ಎರಡು ಪುಟ ತಿರುವಿ, "ಸಮ್‌ಟೈಮ್ಸ್ ಲಕ್, ಎಮ್ಜೀ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಪಾಪ, ಮುದುಕ ಬಿಡುದಿಲ್ಲ. ಎರಡು ದಿನ ಇಟ್ಕೊಂಡು ಕಳಿಸುವ," ಎಂದು ಊಟಕ್ಕೆ ಹೋದರು. ಎಮ್ಜೀ ಎಲ್ಲವನ್ನೂ ನಮ್ಮ ಹತ್ತಿರವೇ ಬಿಟ್ಟುಹೋದರು.

ನಾನು ಭೂತಗನ್ನಡಿ ಹಿಡಿದು ಆಲ್ಬಮ್ ನೋಡುತ್ತ ಕೂತೆ. ಒಬ್ಬ ಮದುಮಗಳ ರೆಪ್ಪೆಗೂದಲು ಒಂದೊಂದೂ ಬೇರೆ ಬೇರೆ. ಒಬ್ಬ ಅಜ್ಜಿಯ ಕೆನ್ನೆಯ ಮೇಲೆ ಕೇಕಿನ ಚೂರು. ಪುಟ ಪುಟದಲ್ಲೂ ಹತ್ತಿರದಿಂದ ತೆಗೆದ ಮುಖಗಳು. ಅದೃಷ್ಟ ಇಷ್ಟು ನಿಯಮಿತವಾಗಿ ಕೆಲಸಕ್ಕೆ ಬರುವುದನ್ನು ನಾನು ಕಂಡಿರಲಿಲ್ಲ. ಎಡಮೂಲೆಯ ರೋಗ ನನ್ನ ಸೆರಗಿನದಾಗಿದ್ದದ್ದು ನೆನಪಾಯಿತು.

ಫಿಲ್ಮ್ ತೊಳೆಸದೆ ಫೋಕಸ್ ನೋಡಲು ಫುಂಡಿ ಒಂದು ಉಪಾಯ ಮಾಡುತ್ತಿದ್ದ. ಕ್ಯಾಮರಾದ ಹಿಂಬದಿ ತೆರೆದು, ಫಿಲ್ಮ್ ಇರುವ ಜಾಗಕ್ಕೆ ಬೆಣ್ಣೆ ಕಾಗದ ಹಚ್ಚಿದರೆ ಎದುರಿನ ಚಿತ್ರ ಅದರ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಎಮ್ಜೀಯವರ ಲೆನ್ಸನ್ನು ಎಮ್ಜೀಯವರ ಕ್ಯಾಮರಾಕ್ಕೇ ಹಾಕಿದೆ. ಕಿಟಕಿಯಲ್ಲಿ ಎರಡು ಚಿತ್ರ ಒಂದಾಯಿತು, ಕಾಗದದ ಮೇಲೆ ಚುಕ್ಕಿಗಳು ಸೂಜಿ ಚುಚ್ಚಿದ ಹಾಗೆ. ಅದೇ ಲೆನ್ಸು ನಮ್ಮ ಕ್ಯಾಮರಾದಲ್ಲಿ ಮಂಜು. ಇನ್ನು ಉಳಿದದ್ದು ಒಂದೇ ಪರೀಕ್ಷೆ.

ಕೈ ತೊಳೆದು ಬಂದೆ. ಗಾಜಿನ ಪೆಟ್ಟಿಗೆ ತೆರೆದೆ. ಗುರುವನ್ನು ಪೀಠದಿಂದ ಎತ್ತಿ ಎಮ್ಜೀಯವರ ಕ್ಯಾಮರಾಕ್ಕೆ ಹಾಕಿದೆ. ಕಿಟಕಿಯಲ್ಲಿ ಒಂದಾಯಿತು, ಕಾಗದದ ಮೇಲೆ ಮಂಜು. ನಮ್ಮ ಕ್ಯಾಮರಾಕ್ಕೆ ಹಾಕಿದೆ. ಚುಕ್ಕಿ ಚುಕ್ಕಿ ಸ್ಪಷ್ಟ. ಗುರುವೂ ನಮ್ಮ ಕ್ಯಾಮರಾವೂ ಒಬ್ಬರಿಗೊಬ್ಬರು ಮಾತ್ರ ಸತ್ಯ ಹೇಳುತ್ತಿದ್ದವು.

ಆಗ ಗುರುವನ್ನು ತಿರುಗಿಸಿದೆ. ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಒಂದಿದೆ. ಆ ಬಗೆಯ ಜರ್ಮನ್ ಲೆನ್ಸಿನ ಬೆನ್ನಲ್ಲಿ, ಕ್ಯಾಮರಾದ ಕಿಟಕಿಯನ್ನು ನಡೆಸಲು, ಪೂರ್ತಿ ಸುತ್ತಿನ ಹಿತ್ತಾಳೆ ಉಂಗುರ ಇರುತ್ತದೆ. ಜರ್ಮನ್ ಹೆಸರು ಕೊರೆದ ರಷ್ಯಾದ ನಕಲಿನಲ್ಲಿ ಒಂದು ಚಿಕ್ಕ ನಾಲಿಗೆ ಮಾತ್ರ. ಗುರುವಿನ ಬೆನ್ನಲ್ಲಿ ನಾಲಿಗೆ ಇತ್ತು. ಪ್ರಭುಗಳು ಬಂದ ಪ್ರತಿ ಲೆನ್ಸನ್ನೂ ಹಿಂದುಮುಂದು ತಿರುಗಿಸಿ ನೋಡುವವರು, ಅದೊಂದನ್ನು ಬಿಟ್ಟು. ದೇವರ ಬೆನ್ನು ಯಾರು ನೋಡುತ್ತಾರೆ?

ಪ್ರಭುಗಳು ಊಟ ಮುಗಿಸಿ ಬಂದರು. ಎರಡು ಕ್ಯಾಮರಾಗಳನ್ನೂ ಬೆಣ್ಣೆ ಕಾಗದ ಹಚ್ಚಿ ಮೇಜಿನ ಮೇಲಿಟ್ಟಿದ್ದೆ. ಪಕ್ಕದಲ್ಲಿ ಎರಡು ಲೆನ್ಸುಗಳು, ಬೆನ್ನು ಮೇಲಾಗಿ. ಅವರು ಮೊದಲು ನೋಡಿದ್ದು ಪೀಠ ಖಾಲಿ ಇರುವುದನ್ನು.

"ಯಾರು ತೆಗೆದದ್ದು?"

"ನಾನೇ ಸರ್. ಕೈ ತೊಳ್ಕೊಂಡಿದ್ದೆ."

ಅವರು ಕೂತರು. ಒಂದೊಂದೇ ಲೆನ್ಸನ್ನು ಒಂದೊಂದೇ ಕ್ಯಾಮರಾಕ್ಕೆ ಹಾಕಿ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಕೊನೆಗೆ ಫುಂಡಿಯನ್ನು ಕರೆದು, ಈ ಕ್ಯಾಮರಾದ ಫೋಕಸ್ ತಿರುಪನ್ನು ಯಾವಾಗಲಾದರೂ ಮುಟ್ಟಿದ್ದೀಯಾ ಎಂದು ಕೇಳಿದರು.

"ನೀವೇ ಹೇಳಿದಿರಿ ಬಾಸ್," ಎಂದ ಅವನು. "ಕ್ಯಾಮರಾ ಹೊಸದಾಗಿ ತಂದಾಗ ಗುರು ಲೆನ್ಸಿಗೆ ಹೊಂದಲಿಲ್ಲ. ಕ್ಯಾಮರಾ ಕೆಟ್ಟಿದೆ, ಗುರುವಿಗೆ ಹೊಂದಿಸು ಅಂದಿರಿ. ಹೊಂದಿಸಿದೆ."

ಅವನು ಹೋದ ಮೇಲೆ ಪ್ರಭುಗಳು ಗುರುವನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದರು: "ಅಪ್ಪ ಇದನ್ನು ಹಡಗಿನಿಂದ ಇಳಿದ ಜರ್ಮನಿಯವನ ಹತ್ರ ತಗೊಂಡದ್ದು ಗೊತ್ತುಂಟಾ?"

"ಅವ್ನು ಜರ್ಮನಿಯವ್ನೇ ಇರ್ಬೌದು ಸರ್."

ಅವರು ನನ್ನನ್ನು ಒಂದು ನಿಮಿಷ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಎದ್ದು ಗೋಶಾಲೆಯ ಡ್ರಾಯರ್ ಎಳೆದು ನಿಂತರು. ಅದರಲ್ಲಿ ನಿಜವಾಗಿ ಕೆಟ್ಟವೂ ಇದ್ದವು. ಬಹುಪಾಲು ಮಾತ್ರ, ನಿಜ ಹೇಳಿ ಒಳಗೆ ಬಿದ್ದವು.

"ಎಮ್ಜೀಗೆ ಒಂದು ಕೆಲಸ ಮಾಡುವ," ಎಂದರು ಕೊನೆಗೆ. "ಬಿಚ್ಚಿ ಸರ್ವಿಸ್ ಮಾಡಿದೆವು, ಈಗ ಸರಿಯಾಯ್ತು ಅಂತ ಹೇಳುವ. ಅವರಿಗೂ ಖುಷಿ, ನಮಗೂ ಮರ್ಯಾದೆ."

ಮಗಳಿಗೆ ಲೆನ್ಸು ಸಿಗುತ್ತದೆ, ಅಂಗಡಿಯ ಹೆಸರು ಉಳಿಯುತ್ತದೆ. ಎಷ್ಟು ಯೋಚಿಸಿದರೂ ಯಾರಿಗೂ ನಷ್ಟವಿಲ್ಲದ ಏರ್ಪಾಡು. ಎಮ್ಜೀ ಮಾತ್ರ ಉಳಿದ ಆಯುಷ್ಯವೆಲ್ಲ ತಾನು ತೆಗೆದ ಮುಖಗಳು ಮಸುಕೆಂದು, ನಾವು ಸರಿಮಾಡುವವರೆಗೆ ತನ್ನ ಲೆನ್ಸು ಕೆಟ್ಟದ್ದೆಂದು ತಿಳಿದಿರುತ್ತಾರೆ. ನಾನು "ಹ್ಞೂಂ ಸರ್" ಎಂದೆ. ಹ್ಞೂಂ ಎನ್ನುವುದು ನನಗೆ ಉಸಿರಾಡಿದಷ್ಟೇ ಸಲೀಸು.

ಎಮ್ಜೀ ಮಗಳನ್ನೂ ಕರೆದುಕೊಂಡು ಬಂದರು. ಚುರುಕು ಹುಡುಗಿ, ತೋಳು ಕಟ್ಟಿಕೊಂಡು ಬಾಗಿಲ ಹತ್ತಿರವೇ ನಿಂತಳು. ಪ್ರಭುಗಳು ಬಾಯಿ ತೆರೆಯುವ ಮುಂಚೆ ಎಮ್ಜೀ ತಮ್ಮ ಕ್ಯಾಮರಾಕ್ಕೆ ಫಿಲ್ಮ್ ಹಾಕಿಕೊಂಡು, ನಾನೇ ಒಂದು ತೆಗೆದು ನೋಡುತ್ತೇನೆ ಎಂದರು. ನಾನು ತಾರಸಿಯ ರಂಗೋಲಿ ತೋರಿಸಿದೆ.

"ನೆಲದ ಮೇಲಿನ ಹಿಟ್ಟನ್ನು ನಾನು ತೆಗೆಯುವುದಿಲ್ಲ ಮಾಮಾ. ನಾನು ಮುಖ ತೆಗೆಯುವವನು. ಕೂತುಕೊಳ್ಳಿ."

ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಪ್ರಭುಗಳು ನಕ್ಕು, "ಕೂತುಕೊಳ್ಳಿ ಗೌರಮ್ಮ, ಮುದುಕರು ಹೇಳ್ತಿದ್ದಾರೆ," ಎಂದರು. ಕಿಟಕಿಯ ಬೆಳಕಿಗೆ ಸ್ಟೂಲ್ ಹಾಕಿದರು. ಕೂತೆ. ಎಮ್ಜೀ ಹತ್ತಿರ ಬಂದು ಉಂಗುರ ತಿರುಗಿಸತೊಡಗಿದರು. ಆ ಹೊತ್ತಿಗೆ ಸರಿಯಾಗಿ ಪ್ರಭುಗಳು ಅವರ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಲು ಶುರು ಮಾಡಿದರು. ಲೆನ್ಸು ಬಹಳ ಕೆಟ್ಟಿತ್ತು, ನಮ್ಮ ಫುಂಡಿ ಪೂರ್ತಿ ಬಿಚ್ಚಬೇಕಾಯಿತು. ಮಗಳು ಅಪ್ಪನ ಬೆನ್ನನ್ನು ನೋಡಿದಳು. ಅಯ್ಯೋ ಪಾಪ ಎನ್ನುವ ನೋಟ. ಎಮ್ಜೀಯವರ ಕೈ ಉಂಗುರದ ಮೇಲೆ ನಿಂತುಹೋಯಿತು.

ನನಗೆ ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ಆಡಲು ಬರುವ ಸ್ವಾಹಿಲಿ ತರಕಾರಿ ಅಂಗಡಿಯಷ್ಟು. ಬದನೆಕಾಯಿಗೆ ಹೇಳುವ ಮಾತೇ ಬಾಯಿಗೆ ಬಂತು.

"ಲೆನ್ಸ್ ಎಂಝೂರಿ. ಕ್ಯಾಮರಾ ಯೇತು ಎಂಬಾಯಾ."

ಲೆನ್ಸು ಒಳ್ಳೆಯದು, ಕೆಟ್ಟಿರುವುದು ನಮ್ಮ ಕ್ಯಾಮರಾ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಎಮ್ಜೀಯವರ ಬೆರಳು ಬಟನ್ ಒತ್ತಿದ್ದು ಆಗಲೇ. ಗೋಡೆಯ ಮೇಲಿನ ಆ ಫೋಟೊ ಅದು. ನಾನು ಸಿಟ್ಟಾಗಿರಲಿಲ್ಲ ಮಕ್ಕಳೇ, ಮಾತಾಡುತ್ತಿದ್ದೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗದಷ್ಟು ಅಭ್ಯಾಸ ಕಡಿಮೆ. ಈಗ ಹೋಗಿ ಹತ್ತಿರದಿಂದ ನೋಡಿ, ರೆಪ್ಪೆಗೂದಲು ಒಂದೊಂದೂ ಬೇರೆ ಬೇರೆ ಇವೆ.

ಎಮ್ಜೀ ಕ್ಯಾಮರಾ ಕೆಳಗಿಳಿಸಿ ಪ್ರಭುಗಳ ಕಡೆ ನೋಡಿದರು. ಪ್ರಭುಗಳು ಕನ್ನಡಕ ತೆಗೆದು ಒರೆಸಿದರು, ಅದು ಚೊಕ್ಕಟವಾಗಿಯೇ ಇತ್ತು. ಆಮೇಲೆ ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ಎಮ್ಜೀ, ಅವರು ಹೇಳಿದ್ದು ಸರಿ. ನಮ್ಮ ಕ್ಯಾಮರಾ ಸರಿಮಾಡಲಿಕ್ಕೆ ಒಂದು ಸಾಚಾ ಲೆನ್ಸ್ ಬೇಕು. ನನ್ನ ಹತ್ರ ಇಲ್ಲ. ನಿಮ್ಮದು ಸ್ವಲ್ಪ ಹೊತ್ತು ಕೊಡ್ತೀರಾ?"

"ಕೊಡುತ್ತೇನೆ," ಎಂದರು ಎಮ್ಜೀ. "ಆದರೆ ನಾನು ಇಲ್ಲೇ ಕೂತು ನೋಡಬೇಕು. ಚಹಾಕ್ಕೆ ಸಕ್ಕರೆ ಜಾಸ್ತಿ."

ಫುಂಡಿ ತಿರುಪು ತಿರುಗಿಸುತ್ತಿದ್ದಷ್ಟು ಹೊತ್ತೂ ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಇನ್ನೂ ಸ್ವಲ್ಪ ಎಡಕ್ಕೆ ಎಂದು ಆಗಾಗ ಹೇಳಿದರು. ಮಗಳು ತೋಳು ಬಿಚ್ಚಿ ಬಂದು ಆಲ್ಬಮ್ ನೋಡತೊಡಗಿದಳು. ಹೊರಡುವಾಗ ಲೆನ್ಸು ಅವಳ ಕೈಯಲ್ಲಿತ್ತು. ಕರವಸ್ತ್ರ ಮಾತ್ರ ಎಮ್ಜೀ ವಾಪಸು ಇಸಿದುಕೊಂಡರು.

ಗೋಶಾಲೆಯ ಲೆನ್ಸುಗಳ ಯಜಮಾನರಿಗೆಲ್ಲ ಪ್ರಭುಗಳು ಒಂದು ವಾರ ಫೋನು ಮಾಡಿದರು. ಒಮ್ಮೆ ಬನ್ನಿ, ಇನ್ನೊಂದು ಸಲ ನೋಡುವ, ಎಂದಷ್ಟೇ. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಒಂದೇ ದಿನದಲ್ಲಿ ಅಷ್ಟು ಸತ್ಯ ಸಾಕಾಗಿತ್ತು ಅನ್ನಿಸುತ್ತದೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಹೊಸ ಡಿಜಿಟಲ್ ಕ್ಯಾಮರಾಗಳಿಗೆ ನಡುವೆ ಒಂದು ಉಂಗುರ ಹಾಕಿ ಹಳೆಯ ಲೆನ್ಸು ಸಿಕ್ಕಿಸುವ ಹುಡುಗರು ಬಂದರು. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಮೂಲೆ ನೋಡುತ್ತಾರೆ. ಮುಖ ನೋಡುವವರು ಕಡಿಮೆ. ದೂರದ ಬೆಟ್ಟ ಮಸುಕು ಬಂದರೆ ಲೆನ್ಸು ಸರಿಯಿಲ್ಲ ಎಂದು ಮುಖ ಸಿಂಡರಿಸುತ್ತಾರೆ. ಅಗ್ಗದ ಉಂಗುರ ಕೂದಲೆಳೆಯಷ್ಟು ದಪ್ಪವಿದ್ದರೂ ಹಾಗಾಗುತ್ತದೆ. ಅನ್ವಿ, ಹೋದ ಭಾನುವಾರ ಮನೆಗೆ ಬಂದಿದ್ದ ಒಬ್ಬ ಹಿರಿಯರ ಲೆನ್ಸನ್ನು ನೀನು ಹಾಗೇ ವಾಪಸು ಕಳಿಸಿದೆ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ನಿನ್ನ ಉಂಗುರ ಎಲ್ಲಿ ಕೊಂಡದ್ದು?

ಗುರು ಲೆನ್ಸನ್ನು ಪ್ರಭುಗಳು ಎಸೆಯಲಿಲ್ಲ, ಮಾರಲೂ ಇಲ್ಲ. ಆ ವರ್ಷದ ಆಯುಧಪೂಜೆಗೆ ಅದು ಎಂದಿನಂತೆ ಲಕ್ಷ್ಮಿಯ ಪಕ್ಕದಲ್ಲೇ ಕೂತಿತ್ತು. ಅಪ್ಪ ತಂದದ್ದು, ಇನ್ನೆಲ್ಲಿಗೆ ಹೋಗುತ್ತದೆ. ನಾನು ಎಂದಿನಂತೆ ಹಿಂದೆ ನಿಂತಿದ್ದೆ. ಪ್ರಭುಗಳು ಊದಿನಕಡ್ಡಿ ಹಚ್ಚಿ, ಕುಂಕುಮದ ಬಟ್ಟಲನ್ನು ಕೈಗೆ ತೆಗೆದುಕೊಂಡು, ನನ್ನ ಕಡೆ ಚಾಚಿದರು.

"ಇನ್ನು ನೀವೇ ಹಚ್ಚಿ ಗೌರಮ್ಮ. ಹಿಂದುಮುಂದು ನೋಡಿ ಹಚ್ಚಿ."

ಹಚ್ಚಿದೆ. ಬೆನ್ನಿಗೂ ಒಂದು ಬೊಟ್ಟು.